ಮಳೆಯೇ ಇಲ್ಲದ ದಿನ ಹೊಳೆ ತುಂಬುವುದು ಹೇಗೆ?

ಮೇ ಕೊನೆಯ ಪತ್ತನಾಜೆ ಕಳೆದು ಮೊದಲ ದೊಡ್ಡ ಮಳೆ ಬಂದಾಗ ನಮ್ಮ ತೋಡುಗಳಲ್ಲಿ ಏನೂ ಆಗುವುದಿಲ್ಲ. ಎರಡು ಗಂಟೆ ಹೊಡೆದರೂ ಕಲ್ಲುಗಳ ನಡುವೆ ಒಂದಿಷ್ಟು ಕೆಸರು ನೀರು ಸರಿದಾಡುತ್ತದೆ, ಅಷ್ಟೇ. ಅದೇ ಮಳೆ ಜುಲೈ, ಆಗಸ್ಟಿನ ಆಟಿ ತಿಂಗಳಲ್ಲಿ ಬಂದರೆ ಅರ್ಧ ಗಂಟೆಯಲ್ಲಿ ತೋಡು ಕೆಂಪಾಗಿ ಉಕ್ಕುತ್ತದೆ. ತೋಟಕ್ಕೆ ನುಗ್ಗಿ, ಕೊಳೆರೋಗಕ್ಕೆ ಉದುರಿದ ಎಳೆ ಅಡಿಕೆಯನ್ನೆಲ್ಲ ಹೊಳೆಗೆ ಒಯ್ಯುತ್ತದೆ. ಮಳೆ ಅಷ್ಟೇ ಬಂದದ್ದು. ಬದಲಾದದ್ದು ನೆಲ.

ಕಾಸರಗೋಡಿನ ಕೃಷಿಕರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಇದೇ ಮಾತನ್ನು ವರ್ಷಕ್ಕೆ ಐದು ತಿಂಗಳು ಹಿಮ ಮುಚ್ಚಿರುವ ಊರಿಗೆ ತೆಗೆದುಕೊಂಡು ಹೋದರೆ ಲೆಕ್ಕ ಬಹಳ ಮಜವಾಗುತ್ತದೆ. ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ಎಷ್ಟೋ ಮಕ್ಕಳು ಈಗ ಕೆನಡಾದಲ್ಲಿ ಓದುತ್ತಿದ್ದಾರೆ. ಏಪ್ರಿಲಿನಲ್ಲಿ ಅಲ್ಲಿಂದ ಬರುವ ವೀಡಿಯೊಗಳಲ್ಲಿ ಆಕಾಶ ನೀಲಿ, ಒಳ್ಳೆಯ ಬಿಸಿಲು, ಒಂದು ಹನಿ ಮಳೆಯಿಲ್ಲ. ಹೊಳೆ ಮಾತ್ರ ದಡ ಮೀರಿ ಹರಿಯುತ್ತಿರುತ್ತದೆ. ಹಿಮ ಕರಗಿತು, ಹೊಳೆ ತುಂಬಿತು, ಅದರಲ್ಲೇನಿದೆ ಅನಿಸಬಹುದು. ಆದರೆ ಕರಗಿದ ನೀರು ಹೊಳೆಗೆ ಬಂದದ್ದು ನೆಲದ ಮೇಲಿಂದಲೋ ಒಳಗಿಂದಲೋ? ಅಷ್ಟೇ ಹಿಮ ಬಿದ್ದ ಎರಡು ವರ್ಷಗಳಲ್ಲಿ ಒಂದರಲ್ಲಿ ನೆರೆ, ಇನ್ನೊಂದರಲ್ಲಿ ಏನೂ ಇಲ್ಲ, ಯಾಕೆ?

ಮೊದಲು ಮಳೆಯ ಲೆಕ್ಕ ನೋಡೋಣ. 1933ರಲ್ಲಿ ಅಮೆರಿಕದ ರಾಬರ್ಟ್ ಹಾರ್ಟನ್ ಎಂಬ ಎಂಜಿನಿಯರ್ ಒಂದು ವಿವರಣೆ ಕೊಟ್ಟರು. ನೆಲ ನೀರು ಕುಡಿಯುವುದಕ್ಕೆ ಒಂದು ವೇಗ ಇದೆ. ಮಳೆ ಅದಕ್ಕಿಂತ ಜೋರಾದರೆ ಉಳಿದ ನೀರು ಮೇಲಿಂದಲೇ ಹರಿದು ಹೋಗುತ್ತದೆ. ನಮ್ಮ ಗುಡ್ಡೆಗಳ ನೆತ್ತಿಯ ಮುರಕಲ್ಲಿನ ಪಾದೆಯಲ್ಲಿ, ಡಾಮರು ರಸ್ತೆಯಲ್ಲಿ, ಇಂಟರ್‌ಲಾಕ್ ಹಾಕಿದ ಅಂಗಳದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಬಹಳ ವರ್ಷ ಎಂಜಿನಿಯರುಗಳು ಎಲ್ಲ ಹೊಳೆಗೂ ಇದೇ ಲೆಕ್ಕ ಹಾಕಿದರು.

ಕಾಡಿನಲ್ಲಿ ಮಾತ್ರ ಈ ಲೆಕ್ಕ ಹೊಂದಲಿಲ್ಲ. ಎಂಥ ಮಳೆ ಬಂದರೂ ತರಗೆಲೆಯ ಮೇಲೆ ನೀರು ಹರಿಯುವುದು ಕಾಣುವುದಿಲ್ಲ, ಆದರೂ ಕೆಳಗಿನ ತೋಡು ಏರುತ್ತದೆ. ಇದನ್ನು ಹಿಡಿಯಲು ಥಾಮಸ್ ಡನ್ ಮತ್ತು ಅವರ ಜೊತೆಗಾರ ಬ್ಲ್ಯಾಕ್ ಅಮೆರಿಕದ ವರ್ಮಾಂಟ್ ರಾಜ್ಯದ ಸ್ಲೀಪರ್ಸ್ ಎಂಬ ಸಣ್ಣ ಹೊಳೆಯ ಪಕ್ಕದ ಇಳಿಜಾರಿನಲ್ಲಿ ಕಂದಕ ತೋಡಿದರು. ನೆಲದ ಮೇಲಿಂದ ಎಷ್ಟು ನೀರು ಬಂತು, ಒಳಗಿನ ಬೇರೆ ಬೇರೆ ಆಳದಿಂದ ಎಷ್ಟು ಬಂತು ಎಂದು ಪ್ರತ್ಯೇಕವಾಗಿ ಅಳೆದರು. 1970ರಲ್ಲಿ ಬಂದ ಉತ್ತರ ಇದು: ಹೊಳೆಯನ್ನು ದಿಢೀರನೆ ಏರಿಸುವ ನೀರು ಇಡೀ ಗುಡ್ಡದಿಂದ ಬರುವುದಿಲ್ಲ. ಹೊಳೆಯ ಪಕ್ಕದ ತಗ್ಗಿನಲ್ಲಿ, ಒಳಗಿನ ನೀರು ಮೊದಲೇ ಮೇಲ್ಮೈಗೆ ತಾಗಿಕೊಂಡಿರುವ ಸಣ್ಣ ಜಾಗದಿಂದ ಬರುತ್ತದೆ. ಅಲ್ಲಿ ನೆಲ ಕುಡಿಯುವ ವೇಗದ ಪ್ರಶ್ನೆಯೇ ಇಲ್ಲ, ಹೊಟ್ಟೆ ತುಂಬಿದೆ. ಸಣ್ಣ ಜಿಟಿಜಿಟಿ ಮಳೆಯೂ ಹಾಗೇ ಜಾರಿ ಹೊಳೆಗೆ ಹೋಗುತ್ತದೆ. ನಮ್ಮ ಬೈಲಿನ ಗದ್ದೆಗಳು ಆಟಿಯಲ್ಲಿ ಇರುವುದು ಹೀಗೆಯೇ ಅಲ್ವಾ?

ಈ ತುಂಬಿದ ಜಾಗ ಒಂದೇ ಅಳತೆಯಲ್ಲಿ ಇರುವುದಿಲ್ಲ. ಮಳೆ ಹಿಡಿದ ಹಾಗೆ ತಗ್ಗಿನಿಂದ ಇಳಿಜಾರಿಗೆ ಹಬ್ಬುತ್ತದೆ, ಬಿಟ್ಟ ಹಾಗೆ ಕುಗ್ಗುತ್ತದೆ. ಇದನ್ನು 1967ರಲ್ಲೇ ಹ್ಯೂಲೆಟ್ ಮತ್ತು ಹಿಬರ್ಟ್ ಎಂಬ ಇಬ್ಬರು ಬರೆದಿದ್ದರು. ಮೊದಲ ಮಳೆಗೂ ಆಟಿಯ ಮಳೆಗೂ ಇರುವ ವ್ಯತ್ಯಾಸ ಹೆಚ್ಚುಕಮ್ಮಿ ಇಷ್ಟರಲ್ಲೇ ಇದೆ. ಇನ್ನೊಂದು ದಾರಿ ನೆಲದೊಳಗಿನದು. ಎಣ್ಮಕಜೆ, ಬಾಯಾರಿನ ಕಡೆ ನೀರಿಗಾಗಿ ಗುಡ್ಡೆಗೆ ಕೊರೆದ ಸುರಂಗ ಇರುವ ಮನೆಯವರಿಗೆ ಅದು ಚೆನ್ನಾಗಿ ಗೊತ್ತು: ಗುಡ್ಡೆಯೊಳಗಿಂದ ನಿಧಾನವಾಗಿ ಒಸರಿ ಬರುವ ನೀರು.

ವರ್ಮಾಂಟ್ ಹಿಮ ಬೀಳುವ ಊರು. ಅದೇ ಇಳಿಜಾರಿನಲ್ಲಿ ಡನ್ ಮತ್ತು ಬ್ಲ್ಯಾಕ್ ಹಿಮ ಕರಗುವಾಗಲೂ ಅಳತೆ ತೆಗೆದು 1971ರಲ್ಲಿ ಬರೆದರು. ದಾರಿಗಳು ಅವೇ. ಆದರೆ ಯಾವ ದಾರಿ ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎನ್ನುವುದು ಚಳಿ ದೇಶದಲ್ಲಿ ಬೇರೆಯೇ.

ಹಿಮ ನೀರು ಬಿಡುವ ಮೊದಲು

ಹಿಮ ಎಷ್ಟು ದಪ್ಪ ಬಿದ್ದಿದೆ ಎಂದು ಅಳೆದರೆ ನೀರಿನ ಲೆಕ್ಕ ಸಿಗುವುದಿಲ್ಲ. ಹೊಸದಾಗಿ ಬಿದ್ದ ಹಿಮದಲ್ಲಿ ಬಹುಪಾಲು ಗಾಳಿ. ಹತ್ತು ಸೆಂಟಿಮೀಟರ್ ಹೊಸ ಹಿಮ ಕರಗಿದರೆ ಸುಮಾರು ಒಂದು ಸೆಂಟಿಮೀಟರ್ ನೀರು. ಅದೇ ಹಿಮ ಚಳಿಗಾಲವೆಲ್ಲ ಕೂತು, ಒತ್ತಿ, ಹಳೆಯದಾದರೆ ಹತ್ತು ಸೆಂಟಿಮೀಟರಿಗೆ ಮೂರು, ನಾಲ್ಕು ಸೆಂಟಿಮೀಟರ್ ನೀರು ಇರುತ್ತದೆ. ಅದಕ್ಕೇ ಅಲ್ಲಿನವರು ಕೊಳವೆ ಚುಚ್ಚಿ ಹಿಮವನ್ನು ತೆಗೆದು ತೂಕ ಮಾಡುತ್ತಾರೆ. ಈ ಕೆಲಸಕ್ಕೆ ಒಳ್ಳೆಯ ಕೊಳವೆ ಮಾಡಿಕೊಟ್ಟವರು ಜೇಮ್ಸ್ ಚರ್ಚ್. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ನೆವಾಡಾದಲ್ಲಿ ಇದ್ದರು. ಅವರೇನೂ ಎಂಜಿನಿಯರ್ ಅಲ್ಲ, ಕಾಲೇಜಿನಲ್ಲಿ ಲ್ಯಾಟಿನ್ ಕಲಿಸುವ ಮೇಷ್ಟ್ರು. ಬೆಟ್ಟ ಹತ್ತುವ ಹುಚ್ಚು ಅವರನ್ನು ಇಲ್ಲಿಗೆ ತಂದಿತು.

ಬಿಸಿಲು ಬಂದ ಕೂಡಲೇ ಹಿಮದಿಂದ ನೀರು ಹೊರಡುವುದಿಲ್ಲ. ಮೊದಲು ಹಿಮದ ಇಡೀ ರಾಶಿ ಸೊನ್ನೆ ಡಿಗ್ರಿಗೆ ಬರಬೇಕು. ಮೇಲೆ ಕರಗಿದ ನೀರು ಕೆಳಗೆ ಇಳಿಯುತ್ತದೆ, ಕೆಳಗಿನ ತಣ್ಣನೆಯ ಪದರದಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ಬಿಡುವ ಶಾಖ ಆ ಪದರವನ್ನು ಬೆಚ್ಚಗೆ ಮಾಡುತ್ತದೆ. ಎಲ್ಲ ಪದರ ಸೊನ್ನೆಗೆ ಬಂದ ಮೇಲೂ ಹಿಮದ ಹರಳುಗಳ ಸಂದಿಯಲ್ಲಿ ಒಂದಿಷ್ಟು ನೀರು ನಿಲ್ಲಬೇಕು. ಗಟ್ಟಿ ಅವಲಕ್ಕಿಗೆ ನೀರು ಚಿಮುಕಿಸಿದ ಹಾಗೆ: ಮೊದಲು ಅವಲಕ್ಕಿಯೇ ಕುಡಿಯುತ್ತದೆ, ಅದಕ್ಕೆ ಸಾಕಾದ ಮೇಲೆಯೇ ಪಾತ್ರೆಯ ಅಡಿಯಲ್ಲಿ ನೀರು ಕಾಣಿಸುವುದು. ಈ ಹಂತಕ್ಕೆ ಬಂದ ಹಿಮವನ್ನು ಮಾಗಿದ ಹಿಮ ಎನ್ನಬಹುದು. ಮಾಗಿದ ಹಿಮ ಇನ್ನು ಏನನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ. ಅಂದಿನಿಂದ ಕರಗಿದ್ದೆಲ್ಲ ನೆಲಕ್ಕೆ.

ಇದಕ್ಕೆ ಬೇಕಾದ ಶಾಖ ಸುಮ್ನೆ ಸ್ವಲ್ಪ ಅಲ್ಲ. ಸೊನ್ನೆ ಡಿಗ್ರಿಯ ಒಂದು ಕಿಲೋ ಹಿಮವನ್ನು ಸೊನ್ನೆ ಡಿಗ್ರಿಯ ನೀರು ಮಾಡಲು 334 ಕಿಲೋಜೂಲ್ ಬೇಕು. ಅಷ್ಟು ಶಾಖದಲ್ಲಿ ಒಂದು ಕಿಲೋ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಏರಿಸಬಹುದು. ಹೊಸ ಬಿಳಿ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ ಶೇ. 80ಕ್ಕಿಂತ ಜಾಸ್ತಿಯನ್ನು ವಾಪಸ್ ಕಳಿಸುತ್ತದೆ. ಹಳೆಯದಾಗಿ, ಧೂಳು ಕೂತು, ಮಬ್ಬಾದ ಮೇಲೆ ಸುಮಾರು ಅರ್ಧದಷ್ಟನ್ನು ಮಾತ್ರ. ಹಾಗಾಗಿ ಕರಗುವುದು ಶುರುವಿನಲ್ಲಿ ಆಮೆ ನಡಿಗೆ, ಆಮೇಲೆ ದಿನದಿಂದ ದಿನಕ್ಕೆ ಜೋರು.

ಜೋರು ಎಂದರೆ ಎಷ್ಟು? ಒಳ್ಳೆಯ ಬಿಸಿಲಿನ ದಿನ ಇಡೀ ಹಗಲು ಸೇರಿ ಹತ್ತರಿಂದ ಮೂವತ್ತು ಮಿಲಿಮೀಟರ್ ನೀರು. ಕಾಸರಗೋಡಿನ ಮಳೆಗಾಲದಲ್ಲಿ ಅದು ಒಂದು ಗಂಟೆಯಲ್ಲಿ ಬಿದ್ದುಬಿಡುತ್ತದೆ. ಹಾಗಾಗಿ ಹಾರ್ಟನ್ ಹೇಳಿದ ರೀತಿಯಲ್ಲಿ, ನೆಲದ ವೇಗವನ್ನು ಮೀರಿಸಿ ಹರಿಯುವ ಶಕ್ತಿ ಕರಗುವ ಹಿಮಕ್ಕೆ ಸಾಮಾನ್ಯವಾಗಿ ಇಲ್ಲ. ಅದರ ಬಲ ಬೇರೆ ಕಡೆ ಇದೆ. ಅದು ನಿಲ್ಲುವುದಿಲ್ಲ. ದಿನವೂ, ವಾರಗಟ್ಟಲೆ, ನಾಲ್ಕೈದು ತಿಂಗಳ ಗಂಟನ್ನು ಬಿಚ್ಚಿ ಕೊಡುತ್ತಲೇ ಇರುತ್ತದೆ. ಆವಿಯಾಗಿ ಹೋಗುವುದೂ ಆಗ ಕಡಿಮೆ, ಮರಗಳು ಇನ್ನೂ ಎದ್ದಿರುವುದಿಲ್ಲ. ನೆಲ ತುಂಬುತ್ತದೆ, ತಗ್ಗು ತುಂಬುತ್ತದೆ, ತುಂಬಿದ ಜಾಗ ಇಳಿಜಾರಿಗೆ ಹಬ್ಬುತ್ತದೆ.

ಹಿಮಾಲಯದಲ್ಲಿ ಚಾರಣ ಮಾಡಿದವರಿಗೆ ಇದರ ದಿನದ ತಾಳ ಗೊತ್ತಿರುತ್ತದೆ. ಬೆಳಿಗ್ಗೆ ಮೊಣಕಾಲವರೆಗೆ ಇದ್ದ ತೊರೆ ಸಂಜೆ ಸೊಂಟಕ್ಕೆ ಬರುತ್ತದೆ. ಮಧ್ಯಾಹ್ನ ಕರಗಿದ್ದು ಹಿಮದೊಳಗೆ ಇಳಿದು, ನೆಲ ದಾಟಿ, ತೊರೆಗೆ ಬರಲು ಕೆಲವು ಗಂಟೆ ಬೇಕು. ಮಾರ್ಗದರ್ಶಿಗಳು ತೊರೆಯನ್ನು ಮುಂಜಾನೆಯೇ ದಾಟಿಸುವುದು ಈ ಕಾರಣಕ್ಕೆ.

ಹೆಪ್ಪುಗಟ್ಟಿದ ನೆಲದ ಕಿತಾಪತಿ

ಮಣ್ಣು ಹೆಪ್ಪುಗಟ್ಟಿದರೆ ಕಾಂಕ್ರೀಟಿನ ಹಾಗೆ, ಹನಿಯೂ ಇಳಿಯುವುದಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು, ಯಾಕೆಂದರೆ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ. ಎಲ್ಲ ನಿಂತಿರುವುದು ಹಿಂದಿನ ಶರತ್ಕಾಲದ ಮಳೆಯ ಮೇಲೆ.

ಮಣ್ಣು ಒಣಗಿರುವಾಗ ಹೆಪ್ಪುಗಟ್ಟಿದರೆ ಕಣಗಳ ನಡುವಿನ ಸಂದಿಗಳು ಖಾಲಿಯೇ ಉಳಿಯುತ್ತವೆ. ಸೊನ್ನೆಗಿಂತ ಕೆಳಗಿದ್ದರೂ ಆ ನೆಲ ಕರಗಿದ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಒದ್ದೆಯಾಗಿರುವಾಗ ಹೆಪ್ಪುಗಟ್ಟಿದರೆ ಸಂದಿಗಳಲ್ಲೆಲ್ಲ ಐಸ್ ಬಿಗಿದುಕೊಳ್ಳುತ್ತದೆ. ಆಗ ಅದು ನಿಜವಾಗಿ ನಮ್ಮ ಮುರಕಲ್ಲಿನ ಪಾದೆ. 1984ರಲ್ಲಿ ಕೆನಡಾದ ಸಸ್ಕಾಚೆವಾನಿನ ಸಂಶೋಧಕರು ಬಯಲು ಸೀಮೆಯ ಹೆಪ್ಪುಗಟ್ಟಿದ ಮಣ್ಣುಗಳನ್ನು ಹೀಗೆಯೇ ವಿಂಗಡಿಸಿದರು: ಏನನ್ನೂ ಒಳಗೆ ಬಿಡದವು, ಸ್ವಲ್ಪ ಬಿಡುವವು, ಮತ್ತೆ ದೊಡ್ಡ ಬಿರುಕುಗಳಿರುವ ಕಾರಣ ಇದ್ದದ್ದನ್ನೆಲ್ಲ ನುಂಗುವವು. ನಡುವಿನ ಗುಂಪಿನಲ್ಲಿ ಎಷ್ಟು ನೀರು ಇಳಿಯುತ್ತದೆ ಎನ್ನುವುದಕ್ಕೆ ಎರಡು ಅಂಕಿ ಸಾಕಾಯಿತು. ಒಂದು, ಹಿಮದಲ್ಲಿರುವ ನೀರು. ಇನ್ನೊಂದು, ಹೆಪ್ಪುಗಟ್ಟುವ ಮೊದಲು ಮೇಲ್ಮಣ್ಣಿನಲ್ಲಿದ್ದ ತೇವ.

ಅಷ್ಟೇ ಹಿಮ ಬಿದ್ದರೂ ಒಂದು ವರ್ಷ ನೆರೆ, ಇನ್ನೊಂದು ವರ್ಷ ಇಲ್ಲ ಎಂಬ ಪ್ರಶ್ನೆಗೆ ಉತ್ತರ ಬಹುಪಾಲು ಇಲ್ಲಿದೆ. ಅಕ್ಟೋಬರಿನ ಮಳೆ ಏಪ್ರಿಲಿನ ನೆರೆಯನ್ನು ತೀರ್ಮಾನಿಸುತ್ತದೆ.

ಈ ಬಯಲು ಸೀಮೆಯಲ್ಲಿ ಮಳೆ, ಹಿಮ ಎಲ್ಲ ಸೇರಿದರೂ ಬಹಳ ಕಡಿಮೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಆದರೆ ಅಲ್ಲಿನ ಸಸ್ಕಾಟೂನ್ ನಗರದಲ್ಲಿ ಸುಮಾರು 350, ಹತ್ತನೇ ಒಂದು ಪಾಲು. ಅದರಲ್ಲಿ ಹಿಮವಾಗಿ ಬೀಳುವುದು ಮೂರನೇ ಒಂದರಷ್ಟು. ಆದರೂ ವರ್ಷದಲ್ಲಿ ನೆಲದ ಮೇಲೆ ಹರಿಯುವ ನೀರಿನ ಶೇ. 80ರಷ್ಟು ಹಿಮ ಕರಗಿದ್ದೇ. ಬೇಸಿಗೆಯ ಮಳೆಯನ್ನೆಲ್ಲ ಒಣ ಮಣ್ಣು, ಗೋಧಿ, ಬಿಸಿಲು ಹಂಚಿಕೊಂಡು ಮುಗಿಸುತ್ತವೆ.

ಇನ್ನೊಂದು ತಲೆಕೆಳಗಾದ ಸಂಗತಿ. ದಪ್ಪ ಹಿಮ ನೆಲಕ್ಕೆ ಕಂಬಳಿ. ಚಳಿ ಬಿಗಿಯುವ ಮೊದಲೇ ಹಿಮ ಚೆನ್ನಾಗಿ ಮುಚ್ಚಿದರೆ ಕೆಳಗಿನ ಮಣ್ಣು ಅಷ್ಟಾಗಿ ಹೆಪ್ಪುಗಟ್ಟುವುದೇ ಇಲ್ಲ, ವಸಂತದಲ್ಲಿ ನೀರನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಹಿಮ ಕಡಿಮೆ ಬಿದ್ದ, ಬಯಲಾಗಿ ಉಳಿದ ನೆಲವೇ ಆಳದವರೆಗೆ ಬಿಗಿದುಕೊಳ್ಳುವುದು. ಹಿಮ ಕಡಿಮೆಯಾದರೆ ಹರಿವೂ ಅಷ್ಟೇ ಕಡಿಮೆ ಎಂದು ಲೆಕ್ಕ ಹಾಕುವವರು ಇಲ್ಲಿ ಎಡವುತ್ತಾರೆ.

ಉತ್ತರಕ್ಕೆ ಇನ್ನೂ ಹೋದರೆ, ಸೈಬೀರಿಯಾ, ಅಲಾಸ್ಕಾದ ಕಡೆ, ಆಳದ ನೆಲ ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಬೇಸಿಗೆಯಲ್ಲಿ ಕರಗುವುದು ಮೇಲಿನ ಪದರ ಮಾತ್ರ. ಹಿಮ ಕರಗುವ ಹೊತ್ತಿಗೆ ಆ ಪದರ ಇನ್ನೂ ಕೆಲವೇ ಸೆಂಟಿಮೀಟರ್, ಹಾಗಾಗಿ ನೀರೆಲ್ಲ ಮೇಲ್ಮೈಯ ಪಾಚಿ, ಕೊಳೆತ ಗಿಡಗಳ ಪದರದಲ್ಲಿ ಹರಿದು ಬೇಗ ಹೊಳೆ ಸೇರುತ್ತದೆ. ಬೇಸಿಗೆ ಕಳೆದ ಹಾಗೆ ಪದರ ಆಳವಾಗುತ್ತದೆ, ನೀರಿಗೆ ಜಾಗ ಜಾಸ್ತಿಯಾಗುತ್ತದೆ, ಅದೇ ಮಳೆಗೆ ಹೊಳೆ ಮೊದಲಿನಷ್ಟು ಏರುವುದಿಲ್ಲ. ನಮ್ಮಲ್ಲಿ ಉಲ್ಟಾ: ಮಳೆಗಾಲ ಮುಂದೆ ಹೋದ ಹಾಗೆ ನೆಲದ ಜಾಗ ಮುಗಿಯುತ್ತದೆ.

ಬಂಡೆ ಮತ್ತು ಸಣ್ಣ ಕೆರೆಗಳೇ ತುಂಬಿರುವ ಉತ್ತರ ಕೆನಡಾದಲ್ಲಿ ಮತ್ತೊಂದು ಬಗೆ. ಪ್ರತಿ ಹೊಂಡವೂ ಮೊದಲು ತುಂಬಬೇಕು, ಆಮೇಲೆಯೇ ಕೋಡಿ ಹರಿದು ಮುಂದಿನ ಹೊಂಡಕ್ಕೆ ಹೋಗಬೇಕು. ಮಳೆನೀರು ನಿಲ್ಲಿಸುವ ಮದಕ ಇರುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಳೆಯಲ್ಲಿ ಹರಿಯುವುದು ಯಾವ ನೀರು?

ಈಗ ಸ್ವಲ್ಪ ನಂಬಲು ಕಷ್ಟವಾದ ಮಾತು. ಹಿಮ ಕರಗಿ ಹೊಳೆ ತುಂಬಿ ಹರಿಯುವಾಗ, ಅದರಲ್ಲಿರುವ ನೀರಿನ ದೊಡ್ಡ ಪಾಲು ಈಗಷ್ಟೇ ಕರಗಿದ ಹಿಮದ್ದು ಅಲ್ಲ.

1950, 60ರ ದಶಕಗಳ ಹೈಡ್ರೋಜನ್ ಬಾಂಬ್ ಪರೀಕ್ಷೆಗಳಿಂದ ಟ್ರಿಷಿಯಂ ಎಂಬ ವಿಕಿರಣ ವಸ್ತು ಜಗತ್ತಿನ ಮಳೆ, ಹಿಮಗಳಲ್ಲೆಲ್ಲ ಸೇರಿಕೊಂಡಿತು. ಯಾವ ವರ್ಷದ ಮಳೆಯಲ್ಲಿ ಅದು ಎಷ್ಟಿತ್ತು ಎಂಬ ದಾಖಲೆ ಇದೆ. ಆದ್ದರಿಂದ ನೀರಿನ ವಯಸ್ಸು ಅಂದಾಜು ಮಾಡಲು ಬಂತು. ಮಾರ್ಟಿನೆಕ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ದಾವೋಸ್ ಹತ್ತಿರದ ದಿಶ್ಮಾ ಕಣಿವೆಯಲ್ಲಿ ಇದನ್ನು ಬಳಸಿ ನೋಡಿ 1975ರಲ್ಲಿ ಬರೆದರು. ಹಿಮ ಕರಗುವ ಕಾಲದ ಹೊಳೆ ನೀರಿನಲ್ಲಿ ಬಹುಪಾಲು ನೆಲದೊಳಗೆ ಮೊದಲೇ ಇದ್ದ ಹಳೆಯ ನೀರು. ಆಮೇಲೆ ಸ್ವೀಡನಿನಲ್ಲಿ ಆಕ್ಸಿಜನ್-18 ಅಳೆದು ನೋಡಿದಾಗಲೂ ಕಾಡಿನ ಹೊಳೆಗಳಲ್ಲಿ ಅದೇ ಕಂಡಿತು. ಹಿಮದಲ್ಲಿ ಈ ಭಾರದ ಆಕ್ಸಿಜನ್ ಕಡಿಮೆ ಇರುತ್ತದೆ, ನೆಲದ ನೀರಿನಲ್ಲಿ ಜಾಸ್ತಿ. ಹಾಗಾಗಿ ಎರಡೂ ಬೆರೆತರೆ ಯಾವುದು ಎಷ್ಟು ಎಂದು ಲೆಕ್ಕ ಸಿಗುತ್ತದೆ.

ಕರಗಿದ ನೀರು ಎಲ್ಲಿಗೆ ಹೋಯಿತು ಹಾಗಾದರೆ? ನೆಲದೊಳಗೆ. ಅದು ಇಳಿದದ್ದರಿಂದ ಒಳಗಿನ ನೀರಿನ ಮಟ್ಟ ಏರಿತು. ಆಳದ ಮಣ್ಣು ಗಟ್ಟಿ, ನೀರು ನಿಧಾನ ಸರಿಯುತ್ತದೆ. ಮೇಲಿನ ಮಣ್ಣು ಬೇರು, ಎರೆಹುಳ, ಕೊಳೆತ ಎಲೆಗಳಿಂದ ಸಡಿಲ, ನೀರು ಬೇಗ ಓಡುತ್ತದೆ. ಮಟ್ಟ ಸ್ವಲ್ಪ ಏರಿ ಈ ಸಡಿಲ ಪದರಕ್ಕೆ ತಾಗಿದರೆ ಸಾಕು, ಹರಿವು ಹಲವು ಪಟ್ಟು ಹೆಚ್ಚುತ್ತದೆ. ಹೊಳೆಯ ಹತ್ತಿರ ಮೊದಲೇ ಕಾದಿದ್ದ ನೀರು ಮುಂದೆ ಹೋಗುತ್ತದೆ. ಹೊಸ ನೀರು ಅದರ ಜಾಗದಲ್ಲಿ ಕೂರುತ್ತದೆ. ಹೊಳೆ ಇವತ್ತು ಏರಿತು ಎಂದರೆ ಇವತ್ತಿನ ನೀರೇ ಬಂತು ಎಂದಲ್ಲ. ಏಪ್ರಿಲಿನಲ್ಲಿ ಸುರಂಗದಿಂದ ಬರುವ ನೀರನ್ನು ಕುಡಿಯುವವರಿಗೆ ಇದು ಅಷ್ಟೇನೂ ಆಶ್ಚರ್ಯ ಆಗಬಾರದು.

ಹೊಸ ನೀರು ಹೊಳೆಗೆ ಬರುವುದೇ ಇಲ್ಲ ಎಂದೂ ಅಲ್ಲ. ನೆಲ ಐಸಿನಿಂದ ಬಿಗಿದ ಜಾಗಗಳಲ್ಲಿ, ತುಂಬಿದ ತಗ್ಗುಗಳಲ್ಲಿ ಅದು ನೇರ ಬರುತ್ತದೆ. ಅದರ ಪರಿಣಾಮ ನಾರ್ವೆಯ ಮೀನುಗಳ ಮೇಲೆ ಆಯಿತು. ಹಿಮದ ಹರಳುಗಳ ಹೊರಮೈಯಲ್ಲಿ ಕೂತ ಆಮ್ಲ ಮತ್ತು ಲವಣಗಳು ಮೊದಲು ಕರಗಿದ ನೀರಿನ ಜೊತೆಗೇ ತೊಳೆದು ಹೋಗುತ್ತವೆ. 1978ರಲ್ಲಿ ಅಲ್ಲಿನ ಸಂಶೋಧಕರು ತೋರಿಸಿದ ಹಾಗೆ, ಮೊದಲ ಶೇ. 30ರಷ್ಟು ನೀರಿನಲ್ಲೇ ಶೇ. 50ರಿಂದ 80ರಷ್ಟು ಕೊಳಕು ಹೊರಗೆ ಬರುತ್ತದೆ. ಆಮ್ಲ ಮಳೆಯ ಆ ಕಾಲದಲ್ಲಿ ವಸಂತದ ಆ ಕೆಲವು ದಿನಗಳು ಹೊಳೆಯ ಮೀನುಗಳಿಗೆ ಅತ್ಯಂತ ಕೆಟ್ಟ ದಿನಗಳು.

ಹಿಮದ ಮೇಲೆ ಮಳೆ

ಬೆಚ್ಚಗಿನ ಮಳೆ ಬಿದ್ದು ಹಿಮವೆಲ್ಲ ಕರಗಿ ನೆರೆ ಬಂತು ಎಂದು ಸುದ್ದಿಯಲ್ಲಿ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಹತ್ತು ಡಿಗ್ರಿಯ ನೂರು ಮಿಲಿಮೀಟರ್ ಮಳೆ ಸೊನ್ನೆಗೆ ತಣಿಯುವಾಗ ಬಿಡುವ ಶಾಖ ಕರಗಿಸುವುದು ಬರೀ ಹನ್ನೆರಡು ಹದಿಮೂರು ಮಿಲಿಮೀಟರಿನಷ್ಟು ನೀರನ್ನು. ಮಳೆಯ ಬಿಸಿ ದೊಡ್ಡ ವಿಷಯವೇ ಅಲ್ಲ.

ನಿಜವಾದ ಕೆಲಸ ಮಾಡುವುದು ಮಳೆಯ ಜೊತೆ ಬರುವ ತೇವದ ಗಾಳಿ. ಆ ಗಾಳಿಯ ಆವಿ ತಣ್ಣನೆಯ ಹಿಮದ ಮೇಲೆ ನೀರಾಗುವಾಗ ಬಿಡುವ ಶಾಖ ವಿಪರೀತ. ಒಂದು ಕಿಲೋ ಆವಿ ನೀರಾದರೆ ಏಳು ಕಿಲೋಗಿಂತ ಜಾಸ್ತಿ ಹಿಮ ಕರಗಬಹುದು. ಗಾಳಿ ಜೋರಾಗಿ ಬೀಸಿದಷ್ಟೂ ಹೊಸ ಆವಿ ಬರುತ್ತಲೇ ಇರುತ್ತದೆ. ಇದರ ಮೇಲೆ ಹಿಮ ಮೊದಲೇ ಮಾಗಿದ್ದು, ಕೆಳಗಿನ ನೆಲ ಒದ್ದೆಯಾಗಿಯೋ ಹೆಪ್ಪುಗಟ್ಟಿಯೋ ಇದ್ದರೆ, ಮಳೆ ಮತ್ತು ಕರಗಿದ್ದು ಎರಡೂ ಕೂಡಿ ಒಂದೇ ಸಲ ಹೊರಡುತ್ತವೆ. ಹಿಮ ದಪ್ಪವಾಗಿ, ತಣ್ಣಗೆ, ಒಣಗಿದ್ದರೆ ಉಲ್ಟಾ, ಮಳೆಯನ್ನೇ ಕುಡಿದು ಕೂರುತ್ತದೆ.

2013ರ ಜೂನ್ ತಿಂಗಳು ನಮಗೆ ಕೇದಾರನಾಥದಿಂದ ನೆನಪಿದೆ. ಜೂನ್ 16, 17ರಂದು ಅಲ್ಲಿ ಜೋರು ಮಳೆ, ಮೇಲೆ ಕರಗುತ್ತಿದ್ದ ಹಿಮ, ಕೊನೆಗೆ ಚೋರಾಬಾರಿ ಕೆರೆಯ ದಂಡೆ ಒಡೆದದ್ದು. ಅದಾದ ಎರಡೇ ದಿನಕ್ಕೆ ಭೂಮಿಯ ಆಚೆ ಬದಿಯಲ್ಲಿ, ಕೆನಡಾದ ರಾಕಿ ಪರ್ವತಗಳಲ್ಲಿ, ಉಳಿದಿದ್ದ ಹಿಮದ ಮೇಲೆ ಭಾರೀ ಮಳೆ ಸುರಿಯಿತು. ಕ್ಯಾಲ್ಗರಿ ಮತ್ತು ಸುತ್ತಲಿನ ಊರುಗಳಿಂದ ಸುಮಾರು ಒಂದು ಲಕ್ಷ ಜನ ಮನೆ ಬಿಡಬೇಕಾಯಿತು. ಎರಡಕ್ಕೂ ಸಂಬಂಧವಿಲ್ಲ. ಆದರೆ ಎರಡೂ ಕಡೆ ಮಳೆ ಬಿದ್ದದ್ದು ಹಿಮ ಕರಗುವ ಕಾಲದ ಬೆಟ್ಟದ ಮೇಲೆ.

ಇದು ನಮ್ಮ ದೇಶಕ್ಕೆ ದೂರದ ವಿಷಯವೇನೂ ಅಲ್ಲ. ಭಾಕ್ರಾ ಅಣೆಕಟ್ಟಿಗೆ ಬರುವ ಸಟ್ಲೆಜ್ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಮ ಮತ್ತು ಹಿಮನದಿ ಕರಗಿದ್ದು ಎಂದು ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ತಜ್ಞರು ಲೆಕ್ಕ ಹಾಕಿದ್ದಾರೆ. ಬಿಸಿ ಏರಿದ ಹಾಗೆ ಹಿಮವಾಗಿ ಬೀಳಬೇಕಾದ್ದು ಮಳೆಯಾಗಿ ಬೀಳುತ್ತದೆ, ಬಿದ್ದ ಹಿಮವೂ ಬೇಗ ಕರಗುತ್ತದೆ. ವರ್ಷದ ಒಟ್ಟು ನೀರು ಅಷ್ಟೇ ಇದ್ದರೂ ಅದು ಬೇಡದ ತಿಂಗಳಿಗೆ ಬಂದು, ಬೇಕಾದ ತಿಂಗಳಿಗೆ ಇಲ್ಲದೆ ಹೋಗಬಹುದು.

ಲಡಾಖಿನಲ್ಲಿ ಈ ಹೊಂದಾಣಿಕೆಯ ತೊಂದರೆ ಹಳೆಯದು. ಬಾರ್ಲಿ ಬಿತ್ತನೆಗೆ ಏಪ್ರಿಲ್, ಮೇಯಲ್ಲಿ ನೀರು ಬೇಕು. ಎತ್ತರದ ಹಿಮನದಿ ಸರಿಯಾಗಿ ಕರಗುವುದು ಜೂನಿನ ನಂತರ. ಚಳಿಗಾಲದಲ್ಲಿ ತೊರೆಯ ನೀರು ಯಾರಿಗೂ ಬೇಡವಾಗಿ ಹರಿದು ಹೋಗುತ್ತಿತ್ತು. ಚೆವಾಂಗ್ ನಾರ್ಫೆಲ್ ಎಂಬ ಎಂಜಿನಿಯರ್ 1980ರ ದಶಕದಿಂದ ಅದಕ್ಕೆ ಅಡ್ಡಲಾಗಿ ಸಾಲು ಸಾಲು ಕಲ್ಲಿನ ತಗ್ಗು ಗೋಡೆ ಕಟ್ಟಿಸಿದರು. ನಮ್ಮ ಏತಡ್ಕದ ಕಡೆ ಚಳಿಗಾಲದಲ್ಲಿ ತೋಡಿಗೆ ಕಟ್ಟ ಕಟ್ಟುತ್ತಾರಲ್ಲ, ನೋಡಲು ಹೆಚ್ಚುಕಮ್ಮಿ ಹಾಗೇ. ಕೆಲಸ ಮಾತ್ರ ಬೇರೆ. ನಮ್ಮ ಕಟ್ಟ ನೀರನ್ನು ನೆಲಕ್ಕೆ ಇಳಿಸುತ್ತದೆ. ಅಲ್ಲಿನ ಗೋಡೆ ನೀರಿನ ವೇಗ ತಗ್ಗಿಸಿ, ತೆಳುವಾಗಿ ಹರಡಿ, ಅಲ್ಲೇ ಐಸ್ ಆಗಲು ಬಿಡುತ್ತದೆ. ಊರಿಗೆ ಹತ್ತಿರ, ಹಿಮನದಿಗಿಂತ ತಗ್ಗಿನಲ್ಲಿ ಇರುವುದರಿಂದ ಈ ಐಸ್ ಬೇಗ ಕರಗುತ್ತದೆ. ಬಿತ್ತನೆಯ ಹೊತ್ತಿಗೆ ಅದರ ನೀರು ಕಾಲುವೆಗೆ ಬರುತ್ತದೆ.